ಗ್ರೋನೆಮಾಯರ್‌ಗೆ ಹಾಡೋಕೆ ಬರಲ್ಲ ಅನ್ನೋರಿಗೆ

ಜರ್ಮನಿಯ ಪಾಪ್-ರಾಕ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸ್ಕಾರ್ಪಿಯನ್ಸ್, ಇಲ್ಲವೇ ನೇನಾಳ 99 ಬಲೂನು. ಸ್ಕಾರ್ಪಿಯನ್ಸ್ ಇಂಗ್ಲಿಷಿನಲ್ಲಿ ಹಾಡಿದರು. ನೇನಾ ಹೊರಗಿನವರಿಗೆ ಆ ಒಂದು ಹಾಡಿಗೇ ನಿಂತುಹೋದಳು. ಜರ್ಮನಿಯೊಳಗೆ, ಜರ್ಮನ್ನಿನಲ್ಲೇ ಹಾಡಿ 40 ವರ್ಷ ಜನರನ್ನು ಹಿಡಿದಿಟ್ಟವರು ಹರ್ಬರ್ಟ್ ಗ್ರೋನೆಮಾಯರ್. 2002ರ ಅವರ ‘ಮೆನ್ಶ್’ ಆಲ್ಬಮ್ 30 ಲಕ್ಷಕ್ಕೂ ಹೆಚ್ಚು ಮಾರಾಟವಾಗಿದೆ. ಆದರೂ ಮೊದಲ ಸಲ ಕೇಳಿದವರ ಬಾಯಲ್ಲಿ ಬರುವ ಮಾತು ಒಂದೇ: ಈ ಮನುಷ್ಯನಿಗೆ ಹಾಡೋಕೇ ಬರಲ್ಲವಲ್ಲ! ಅಲ್ಲಿನ ಮಿಮಿಕ್ರಿಯವರಿಗೂ ಇವರೆಂದರೆ ಸುಲಭದ ತುತ್ತು. ಗಂಟಲು ಬಿಗಿಹಿಡಿದು ನಾಲ್ಕು ತುಂಡು ಮಾತು ಉಗುಳಿದರೆ ಸಾಕು, ಯಾರೆಂದು ಗೊತ್ತಾಗುತ್ತದೆ.

ನನಗೆ ಆ ದನಿ ದೋಷ ಅನ್ನಿಸುವುದಿಲ್ಲ. ಅವರು ಹಾಡು ಕಟ್ಟುವ ರೀತಿಯಿಂದಲೇ ಅದು ಹುಟ್ಟಿದೆ.

ಮೊದಲು ಭಾಷೆಯ ವಿಷಯ. ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಎಳೆದು ಹಾಡಲು ಕೊನೆಗೊಂದು ಅ, ಎ, ಉ ಸಿಕ್ಕೇ ಸಿಗುತ್ತದೆ. ಎರಡು ಪದಗಳ ನಡುವೆ ಸ್ವರಗಳು ಎದುರಾದರೆ ಸಂಧಿಯಾಗಿ ಕೂಡಿಕೊಳ್ಳುತ್ತವೆ. ಜರ್ಮನ್ನಿನಲ್ಲಿ ಈ ಎರಡೂ ಸೌಕರ್ಯ ಕಡಿಮೆ. ‘ಮೆನ್ಶ್’ ಎಂಬ ಪದವನ್ನೇ ನೋಡಿ, ಮನುಷ್ಯ ಎಂದರ್ಥ. ಇರುವುದು ಒಂದೇ ಎಕಾರ, ಅದರ ಬೆನ್ನಿಗೇ ನ್, ಶ್. ಶಕಾರದ ಮೇಲೆ ದನಿ ಎಳೆದು ನಿಲ್ಲಿಸಲಾಗದು, ಬರೀ ಗಾಳಿ ಹೋಗುತ್ತದೆ. ಪದ ಸ್ವರದಿಂದ ಶುರುವಾದರೆ ಇನ್ನೊಂದು ತೊಡಕು: ಗಂಟಲು ಒಂದು ಕ್ಷಣ ಮುಚ್ಚಿ ತೆರೆದುಕೊಳ್ಳುತ್ತದೆ. ಷ್ಲಾಗರ್ ಎನ್ನುವ ಅಲ್ಲಿನ ಜನಪ್ರಿಯ ಹಾಡುಗಳ ಗಾಯಕರು ಈ ಏರುತಗ್ಗನ್ನೆಲ್ಲ ತೀಡಿ ನುಣುಪು ಮಾಡಿ ಹಾಡುತ್ತಾರೆ. ಗ್ರೋನೆಮಾಯರ್ ಆ ತಡೆಯನ್ನೇ ಡ್ರಮ್ಮಿನ ಪೆಟ್ಟಿನ ಹಾಗೆ ಬಳಸುತ್ತಾರೆ.

ಇನ್ನು ಕೆಲಸದ ಕ್ರಮ. ಮಟ್ಟು ಮೊದಲು, ಮಾತು ಕೊನೆಗೆ. ರಾಗ ಕಟ್ಟುವಾಗ ಇಂಗ್ಲಿಷಿನಂತೆ ಕೇಳಿಸುವ, ಅರ್ಥವಿಲ್ಲದ ಸದ್ದುಗಳನ್ನು ಹಾಡಿಕೊಳ್ಳುತ್ತಾರೆ. ಅದನ್ನು ಅವರು ಕರೆಯುವುದು ‘ಬನಾನೆನ್‌ಟೆಕ್ಸ್ಟ್’, ಬಾಳೆಹಣ್ಣಿನ ಸಾಹಿತ್ಯ. ನಮ್ಮ ಸಿನಿಮಾದಲ್ಲಿ ಡಮ್ಮಿ ಸಾಹಿತ್ಯ ಹಾಕಿ ಟ್ಯೂನ್ ಕಳಿಸುತ್ತಾರಲ್ಲ, ಅದೇ ಬಗೆ. ಆದರೆ ಇಲ್ಲಿ ಟ್ಯೂನ್ ಹಾಕುವವರು, ಬರೆಯುವವರು, ಹಾಡುವವರು ಒಬ್ಬರೇ.

ತೊಂದರೆ ಶುರುವಾಗುವುದು ಆಮೇಲೆ. ಇಂಗ್ಲಿಷಿನ ಸದ್ದಿಗೆ ಹೊಲಿದ ಅಂಗಿ ಜರ್ಮನ್ ಮೈಗೆ ಬಿಗಿಯಾಗುತ್ತದೆ. ಅಕ್ಷರಗಳು ಹೆಚ್ಚಾಗುತ್ತವೆ, ಒತ್ತು ಬೀಳಬಾರದ ಕಡೆ ಬೀಳುತ್ತದೆ. ಆಗ ಕತ್ತರಿ ಹಾಕಲೇಬೇಕು. ‘ಡೆರ್ ವೇಕ್’ (ದಾರಿ) ಹಾಡಿನ ಆರಂಭದಲ್ಲೇ ಇದು ಕಾಣುತ್ತದೆ. ನೋಡು ಎಂಬರ್ಥದ ‘ಝೇಯೆನ್’ ಎರಡು ಅಕ್ಷರದ ಪದ, ಹಾಡಿನಲ್ಲಿ ಅದು ‘ಝೇನ್’ ಎಂದು ಒಂದಾಗಿದೆ. ಮರುಸಾಲಿನಲ್ಲಿ ‘ನಾನು’ ಎಂಬ ಪದವೇ ಹಾರಿಹೋಗಿದೆ. ಕನ್ನಡದಲ್ಲಿ ‘ಕಣ್ಣನ್ನೇ ನಂಬಲಾರೆ’ ಅಂದರೆ ‘ನಾನು’ ಬೇಕಿಲ್ಲ, ಕ್ರಿಯಾಪದವೇ ಹೊತ್ತುಕೊಳ್ಳುತ್ತದೆ. ಜರ್ಮನ್ನಿನಲ್ಲಿ ಕರ್ತೃ ಬಿಟ್ಟರೆ ಮಾತು ಟೆಲಿಗ್ರಾಂ ಆಗುತ್ತದೆ, ಏದುಸಿರು ಬಿಡುತ್ತ ಹೇಳಿದ ಹಾಗೆ. ಜನ ಇದನ್ನು ಅವರ ಒರಟು ಕಂಠ ಅನ್ನುತ್ತಾರೆ. ಆ ಒರಟಿನಲ್ಲಿ ಅರ್ಧ ಪಾಲು ಈ ಕತ್ತರಿಯದು.

ಈ ವಿದ್ಯೆ ಕೈಗೆ ಹತ್ತಲು ಸಮಯ ಹಿಡಿಯಿತು. 1979ರಿಂದ 1983ರವರೆಗೆ ನಾಲ್ಕು ಆಲ್ಬಮ್ ಬಂದವು, ಯಾವುದೂ ಓಡಲಿಲ್ಲ. ಆ ಹೊತ್ತಿಗೆ ಜನ ಅವರನ್ನು ಗುರುತಿಸುತ್ತಿದ್ದದ್ದು ನಟನೆಂದು. 1981ರ ‘ದಾಸ್ ಬೋಟ್’ ಚಿತ್ರದಲ್ಲಿ ಜಲಾಂತರ್ಗಾಮಿ ಹತ್ತುವ ಯುದ್ಧವರದಿಗಾರ ಇವರೇ. ಹಳೆಯ ರೆಕಾರ್ಡ್ ಕಂಪನಿ ಕೈಬಿಟ್ಟಿತು. ಇಎಂಐಗೆ ಹೋಗಿ 1984ರಲ್ಲಿ ತಂದ ಐದನೆಯ ಆಲ್ಬಮ್ ‘4630 ಬೋಖುಮ್’. 4630 ಅವರು ಬೆಳೆದ ಊರಿನ ಆಗಿನ ಪಿನ್‌ಕೋಡ್. ಗಂಡಸು ಗಂಡಸಾಗುವುದು ಯಾವಾಗ ಎಂದು ಕೇಳುವ ‘ಮೆನ್ನರ್’ ಇರುವುದು ಇದರಲ್ಲೇ.

1998ರ ನವೆಂಬರಿನಲ್ಲಿ ಅಣ್ಣ ತೀರಿಕೊಂಡರು, ಕೆಲವೇ ದಿನಗಳಲ್ಲಿ ಪತ್ನಿ, ನಟಿ ಆನಾ ಹೆಂಕೆಲ್ ಕೂಡ. ನಾಲ್ಕು ವರ್ಷ ಕಳೆದು ‘ಮೆನ್ಶ್’ ಬಂತು. ಅಂದಿನಿಂದ ಪತ್ರಿಕೆಗಳಲ್ಲಿ ಅವರು ದೇಶದ ದುಃಖ ಹಾಡುವವರು. ಆ ಬಿರುದು ಹಾಡಿನ ಕಸುಬನ್ನು ಮುಚ್ಚಿಬಿಟ್ಟಿದೆ ಎಂಬುದೇ ನನ್ನ ತಕರಾರು. ಶೀರ್ಷಿಕೆ ಹಾಡಿಗೆ ಅಳುವ ಲಯವಿಲ್ಲ, ಆರಾಮಾಗಿ ನಡೆದುಹೋಗುವವರ ಲಯ. ಪಲ್ಲವಿಯಲ್ಲಿ ಕಾರಣಗಳ ಸಾಲು: ಮನುಷ್ಯನನ್ನು ಮನುಷ್ಯ ಅನ್ನುವುದು ಯಾಕೆಂದರೆ ಅವನು ಮರೆಯುತ್ತಾನೆ, ನಗುತ್ತಾನೆ, ಬದುಕುತ್ತಾನೆ. ‘ವೈಲ್ ಏರ್’, ಅಂದರೆ ‘ಯಾಕೆಂದರೆ ಅವನು’, ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ‘ಏರ್’ ಮುಂದೆ ಆ ಗಂಟಲಿನ ತಡೆ. ಕಿವಿ ಇನ್ನೊಂದು ಕಾರಣಕ್ಕೆ ಕಾಯುತ್ತಿರುವಾಗ ‘ದು ಫೇಲ್ಸ್ಟ್’ ಎನ್ನುತ್ತಾರೆ. ನೀನಿಲ್ಲ. ಎರಡೇ ಅಕ್ಷರ. ವಿವರಣೆಯಿಲ್ಲ, ಹೆಸರಿಲ್ಲ. ಅಷ್ಟು ಹೊತ್ತು ಮೂರನೆಯವನ ಬಗ್ಗೆ ನಡೆದ ಮಾತು ತಟ್ಟನೆ ಎದುರಿಗಿಲ್ಲದ ಒಬ್ಬರ ಕಡೆ ತಿರುಗುತ್ತದೆ. ಇದನ್ನು ನುಣುಪಾದ ಕಂಠದವರು ಎಳೆದು ಹಾಡಿದ್ದರೆ ಹಾಳಾಗುತ್ತಿತ್ತು ಎಂದು ನಾನು ಬಲವಾಗಿ ನಂಬುತ್ತೇನೆ.

ಇದೇ ದನಿ ವೇದಿಕೆಯ ಭಾಷಣದಲ್ಲಿ ತಿರುಗುಬಾಣವಾಗುತ್ತದೆ. 2019ರ ಸೆಪ್ಟೆಂಬರಿನಲ್ಲಿ ವಿಯೆನ್ನಾದ ಕಾರ್ಯಕ್ರಮದ ನಡುವೆ ಬಲಪಂಥೀಯರ ವಿರುದ್ಧ ಮಾತಾಡಿದರು. ಹೇಳಿದ್ದಕ್ಕಿಂತ ಹೇಳಿದ ರೀತಿಯೇ ದೊಡ್ಡ ಜಗಳವಾಯಿತು. ಅವರ ಮಾತಿಗೆ ನನ್ನ ಸಹಮತವಿದೆ. ಆದರೆ ಮಟ್ಟಿನ ಆಸರೆಯಿಲ್ಲದೆ ಆ ಬಿಗಿದ ಗಂಟಲು ಏರಿದರೆ ಗದರಿದಂತೆ ಕೇಳಿಸುತ್ತದೆ, ಇದನ್ನು ಅಭಿಮಾನಿಗಳು ಒಪ್ಪಬೇಕು. ರಾಜಕೀಯದಲ್ಲಿ ಅವರ ನಡೆ ಮಾತ್ರ ನೇರ. 2006ರ ವಿಶ್ವಕಪ್ ಫುಟ್‌ಬಾಲಿಗೆ ಮಾಲಿ ದೇಶದ ಅಮಾದು ಮತ್ತು ಮರಿಯಮ್ ಜೋಡಿಯೊಂದಿಗೆ ಹಾಡಿದ ಗೀತೆಯನ್ನು ಜರ್ಮನಿಯ 2025ರ ಚುನಾವಣೆಯ ಹೊತ್ತಿಗೆ ಗ್ರೀನ್ ಪಕ್ಷದ ನಾಯಕ ಹಾಬೆಕ್ ಗುನುಗಿದಾಗಲೂ, ಎದುರಾಳಿ ಪಕ್ಷ ಸಿಡಿಯು ತನ್ನ ಸಭೆಯಲ್ಲಿ ಹಾಕಿದಾಗಲೂ ಎರಡೂ ಕಡೆಗೆ ಬೇಡ ಎಂದರು.

ಹೊಸದಾಗಿ ಕೇಳುವವರು ‘ಮೆನ್ನರ್’ನಿಂದ ಶುರುಮಾಡಿ, ಆಮೇಲೆ ‘ಮೆನ್ಶ್’, ಕೊನೆಗೆ ‘ಡೆರ್ ವೇಕ್’. ಮೊದಲ ಸಲ ಅನುವಾದ ಓದಬೇಡಿ, ಓದುತ್ತ ಕೂತರೆ ಪದ ಎಲ್ಲಿ ತುಂಡಾಯಿತು ಎಂಬುದೇ ತಪ್ಪಿಹೋಗುತ್ತದೆ. ಇಂಗ್ಲಿಷಿನ ‘ಐ ವಾಕ್’ ಆಲ್ಬಮನ್ನು ಕೊನೆಗಿಡಿ. 2012ರ ಅದರಲ್ಲಿ ಯು2 ತಂಡದ ಗಾಯಕ ಬೋನೋ ಕೂಡ ದನಿಗೂಡಿಸಿದ್ದಾರೆ. ಮಟ್ಟುಗಳು ಅವೇ, ಪದಗಳು ಸಲೀಸಾಗಿ ಕೂರುತ್ತವೆ. ತಿಕ್ಕಾಟ ಹೋಗಿ ಹಾಡು ಸಪ್ಪೆಯಾಗಿದೆ.

ಸಾಧ್ಯವಾದರೆ ‘ಬೋಖುಮ್’ ಹಾಡನ್ನು ಸ್ಟುಡಿಯೋದ್ದು ಬಿಟ್ಟು ಫುಟ್‌ಬಾಲ್ ಮೈದಾನದ್ದು ಕೇಳಿ. ಆ ಊರಿನ ಕೊನೆಯ ಕಲ್ಲಿದ್ದಲು ಗಣಿ 1973ರಲ್ಲೇ ಮುಚ್ಚಿತ್ತು. ಚೆಲುವಿಲ್ಲದ, ದುಡಿದು ದುಡಿದು ಬೂದು ಬಣ್ಣಕ್ಕೆ ತಿರುಗಿದ ಊರೆಂದು 1984ರಲ್ಲಿ ಅದನ್ನು ಹಾಡಿದರು. ವಿಎಫ್ಎಲ್ ಬೋಖುಮ್ ತಂಡ ತವರಿನಲ್ಲಿ ಆಡುವಾಗೆಲ್ಲ ಪಂದ್ಯಕ್ಕೆ ಮುಂಚೆ ಅದೇ ಹಾಡು ಮೊಳಗುತ್ತದೆ. ಸಾಲುಗಳು ಗಿಡ್ಡ, ಒಂದೊಂದು ಉಸಿರಿಗೆ ಒಂದೊಂದು. ಸಂಗೀತ ಕಲಿಯದ ಸಾವಿರಾರು ಗಂಟಲು ಒಟ್ಟಿಗೆ ಎತ್ತಿದರೂ ಒಂದು ಪದ ಜಾರುವುದಿಲ್ಲ.