ಆಳಕಡಲಿನ ಮೀನುಗಾರಿಕೆಯನ್ನು ಪೂರ್ತಿ ನಿಲ್ಲಿಸಬೇಕೇ?

ಪರ: ನಿಲ್ಲಿಸಲೇಬೇಕು

ಆರೆಂಜ್ ರಫಿ ಎಂಬ ಆಳಕಡಲ ಮೀನು ಸಾಮಾನ್ಯವಾಗಿ 30-40 ಸೆಂಟಿಮೀಟರ್ ಉದ್ದ. ನೋಡಿದರೆ ನಾಲ್ಕೈದು ವರ್ಷದ್ದು ಅನ್ನಿಸುತ್ತದೆ. ಅದರ ಕಿವಿಯೊಳಗೆ ಒಂದು ಪುಟ್ಟ ಕಲ್ಲಿರುತ್ತದೆ. ಅದನ್ನು ತೆಳ್ಳಗೆ ಕೊಯ್ದು, ಮರದ ಉಂಗುರ ಎಣಿಸಿದ ಹಾಗೆ ಗೆರೆ ಎಣಿಸಿದರೆ ಎಷ್ಟೋ ಸಲ ಲೆಕ್ಕ ನೂರು ದಾಟುತ್ತದೆ. 200 ದಾಟಿದ ಮೀನುಗಳೂ ಸಿಕ್ಕಿವೆ.

ಇದು ಮೊದಲ ಸಲ ಮೊಟ್ಟೆ ಇಡುವುದು ಸುಮಾರು 30ನೇ ವಯಸ್ಸಿಗೆ. ಇವತ್ತು ಹುಟ್ಟಿದ ಹೆಣ್ಣುಮಗು ತಾನೇ ತಾಯಿಯಾಗುವ ಹೊತ್ತಿಗೆ ಇವತ್ತಿನ ಮೀನಮರಿಗೆ ಮೊದಲ ಮೊಟ್ಟೆ! ಮೊಟ್ಟೆಯೂ ಜಾಸ್ತಿಯಿಲ್ಲ. ಕಾಡ್ (cod) ಎಂಬ ಮೀನು ಲಕ್ಷಗಟ್ಟಲೆ ಮೊಟ್ಟೆ ಇಟ್ಟರೆ ಇದರದ್ದು ಸಾವಿರಗಳ ಲೆಕ್ಕ. ಬಲಿತ ಹೆಣ್ಣುಗಳೆಲ್ಲ ಪ್ರತಿ ವರ್ಷ ಇಡುವುದೂ ಇಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದು ಸಂಗತಿ. ಬಲಿತ ಮೇಲೆ ಈ ಮೀನಿನ ಬೆಳವಣಿಗೆ ಹೆಚ್ಚೂಕಡಿಮೆ ನಿಂತುಬಿಡುತ್ತದೆ. 50 ವರ್ಷದ್ದೂ 120 ವರ್ಷದ್ದೂ ಪಕ್ಕಪಕ್ಕ ಇಟ್ಟರೆ ಒಂದೇ ಥರ ಕಾಣಬಹುದು. ಮೇಲ್ಗಡಲಲ್ಲಿ ಹಿಡಿಯುವ ಮೀನು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ ಹೋದರೆ ಏನೋ ತಪ್ಪಾಗುತ್ತಿದೆ ಎಂದು ಗೊತ್ತಾಗುತ್ತದೆ. ಇಲ್ಲಿ ಆ ಸುಳಿವು ಸರಿಯಾಗಿ ಸಿಗುವುದೇ ಇಲ್ಲ. ಸಾಲದ್ದಕ್ಕೆ, ಮೊಟ್ಟೆ ಇಡಲು ಇವು ಕಡಲೊಳಗಿನ ಬೆಟ್ಟಗಳ ಮೇಲೆ ಗುಂಪುಗೂಡುತ್ತವೆ. ಒಟ್ಟು ಸಂಖ್ಯೆ ಕುಸಿದಿದ್ದರೂ ಉಳಿದವು ಅಲ್ಲಿಗೇ ಬರುವುದರಿಂದ ಬಲೆ ತುಂಬುತ್ತಲೇ ಇರುತ್ತದೆ. ಖಾಲಿ ಬಲೆ ಮೇಲೆ ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ನ್ಯೂಜಿಲೆಂಡಿನ ಸುತ್ತ 1970ರ ದಶಕದ ಕೊನೆಯಲ್ಲಿ ಈ ಬೇಟೆ ಶುರುವಾಯಿತು. ಮೊದಮೊದಲು ಸಿಕ್ಕ ರಾಶಿ ಆ ವರ್ಷಗಳ ಬೆಳೆಯಲ್ಲ, ನೂರು ವರ್ಷ ಕೂಡಿಟ್ಟ ಗಂಟು. ಅದನ್ನೇ ವಾರ್ಷಿಕ ಫಸಲು ಎಂದುಕೊಂಡರು. ಮೀನು ಇಷ್ಟು ನಿಧಾನ ಬೆಳೆಯುತ್ತದೆ ಎಂದು ತಿಳಿಯುವಷ್ಟರಲ್ಲಿ ಹಲವು ಕಡೆ ಗಂಟು ಕರಗಿತ್ತು. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಕಡೆಯಲ್ಲೂ ಇದೇ ಕತೆ.

ಬಲೆಯ ಕಣ್ಣು ದೊಡ್ಡದು ಮಾಡಿದರೆ ಮರಿ ಉಳಿಯುತ್ತವೆ ಅಲ್ವಾ ಎಂದು ಕೇಳಬಹುದು. ಆ ಉಪಾಯ ಇಲ್ಲಿ ಹೆಚ್ಚು ನಡೆಯುವುದಿಲ್ಲ. ಆಳದ ಎಷ್ಟೋ ಮೀನುಗಳ ಚರ್ಮ ತೀರಾ ನಾಜೂಕು. ಬಲೆಯಿಂದ ನುಸುಳಿ ಹೋದರೂ ಉಜ್ಜಿದ ಗಾಯದಿಂದ ಸಾಯುತ್ತವೆ. ಕಡಲತಳಕ್ಕೆ ತಾಗಿ ಎಳೆಯುವ ಟ್ರಾಲ್ ಬಲೆ ನೂರಾರು ವರ್ಷದ ಹವಳವನ್ನೂ ಕಿತ್ತು ತರುತ್ತದೆ.

ವಿರೋಧ: ಎಲ್ಲ ಮೀನಿಗೂ ಒಂದೇ ಬೀಗ ಬೇಡ

ಆರೆಂಜ್ ರಫಿಯ ಬಗ್ಗೆ ಮೇಲೆ ಹೇಳಿದ್ದು ನಿಜ. ಒಂದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಆಳಕಡಲೆಂದರೆ ಆರೆಂಜ್ ರಫಿ ಒಂದೇ ಅಲ್ಲ. ಕತ್ತಲ ನೀರಿನಲ್ಲಿ ಬೇಗ ಬಲಿತು ಬೇಗ ಮುಗಿಯುವ ಪುಟ್ಟ ಮೀನುಗಳೂ ಇವೆ. ಲೋಕದ ಬೆನ್ನುಮೂಳೆಯ ಪ್ರಾಣಿಗಳಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಬ್ರಿಸಲ್‌ಮೌತ್ ಎಂಬ ಅಂಥದೊಂದು ಮೀನು ಎನ್ನುತ್ತಾರೆ. ಇವುಗಳ ಬದುಕಿನ ಲೆಕ್ಕ ಬೇರೆ, ನಿಯಮವೂ ಬೇರೆಯೇ ಇರಬೇಕು.

ಹಿಡಿಯುವ ಬಗೆಯಲ್ಲೂ ಅಜಗಜಾಂತರವಿದೆ. ಪೋರ್ಚುಗಲ್‌ನ ಮಡೈರಾ ದ್ವೀಪದವರು ಉದ್ದನೆಯ ದಾರಕ್ಕೆ ಗಾಳ ಕಟ್ಟಿ, ಸಾವಿರ ಮೀಟರ್ ಆಳದ ಕಪ್ಪು ಸ್ಕ್ಯಾಬರ್ಡ್ ಮೀನನ್ನು ತಲೆಮಾರುಗಳಿಂದ ಹಿಡಿಯುತ್ತಿದ್ದಾರೆ. ನೀರಿನ ನಡುವೆ ತೂಗುವ ಆ ಗಾಳ ತಳವನ್ನು ಉಳುವುದಿಲ್ಲ. ಟ್ರಾಲ್ ಮಾಡಿದ ತಪ್ಪಿಗೆ ಇವರ ಹೊಟ್ಟೆಗೆ ಹೊಡೆಯುವುದು ಯಾವ ನ್ಯಾಯ? ಯುರೋಪಿಯನ್ ಒಕ್ಕೂಟ 2016ರಲ್ಲಿ ಈ ವ್ಯತ್ಯಾಸ ಗುರುತಿಸಿತು. 800 ಮೀಟರ್‌ಗಿಂತ ಕೆಳಗೆ ತಳದ ಟ್ರಾಲ್ ಬಲೆ ನಿಷೇಧಿಸಿತು, ಎಲ್ಲ ಮೀನುಗಾರಿಕೆಯನ್ನಲ್ಲ. ನನಗೆ ಸರಿ ಕಾಣುವ ದಾರಿ ಇದೇ.

ಟಾಸ್ಮೇನಿಯಾದ ಕತೆಯೂ ಕುಸಿತದಲ್ಲಿ ಮುಗಿದಿಲ್ಲ. ಅಲ್ಲಿನ ಪೂರ್ವ ವಲಯದಲ್ಲಿ ಆರೆಂಜ್ ರಫಿ ಬೇಟೆಯನ್ನು ವರ್ಷಗಳ ಕಾಲ ಮುಚ್ಚಿದ್ದರು. ಮೀನು ಚೇತರಿಸಿಕೊಳ್ಳುತ್ತಿದೆ ಎಂದು ಕಂಡಮೇಲೆ 2015ರಲ್ಲಿ ಸಣ್ಣ ಮಿತಿಯೊಂದಿಗೆ ಮತ್ತೆ ತೆರೆದರು. ಇಷ್ಟು ಬೇಗ ತೆರೆದದ್ದು ಸರಿಯೇ ಎಂಬ ತಕರಾರು ಇದ್ದೇ ಇದೆ. ಬೇಟೆ ಶುರುವಾದ ಮೇಲೆ ಹುಟ್ಟಿದ ಮರಿಗಳಲ್ಲಿ ಬಹಳಷ್ಟು ಆಗಿನ್ನೂ ಬಲಿತಿರಲಿಲ್ಲ. ಮೊಟ್ಟೆ ಇಡಲು ಬರುತ್ತಿದ್ದವು ಹೆಚ್ಚಾಗಿ ಬೇಟೆಗೂ ಮುಂಚೆ ಹುಟ್ಟಿದವು. ಹಾಗಾಗಿ ಮಿತಿ ತೀರಾ ಚಿಕ್ಕದಿರಬೇಕು. ಮೂಲ ರಾಶಿಯ ನೂರರಲ್ಲಿ ಒಂದೆರಡು ಪಾಲು, ಅಷ್ಟೇ. ಜೊತೆಗೆ ಪ್ರತಿ ವರ್ಷ ಕಿವಿಯ ಕಲ್ಲುಗಳನ್ನು ಕೊಯ್ದು ಎಣಿಸಬೇಕು. ಎಳೆಯ ಮೀನು ಗುಂಪಿಗೆ ಸೇರದಿದ್ದರೆ ಆ ವರ್ಷವೇ ಬಲೆ ಎತ್ತಿಡಬೇಕು.