ಕಾಲಿಂಚಿನ ಗುಂಡು, ಗೇಣಗಲದ ಗುರಿ

ನಮ್ಮ ಮನೆಯಲ್ಲಿ ತೊಲದ ಲೆಕ್ಕ ಬರುತ್ತಿದ್ದುದು ಅಜ್ಜಿಗೆ, ಅದೂ ಚಿನ್ನದ ಮಟ್ಟಿಗೆ. ಕೋವಿಯ ಗುಂಡನ್ನೂ ತೊಲದಲ್ಲಿ ತೂಗಬಹುದೆಂದು ನನಗೆ ಹೊಳೆದದ್ದು ಅಮೆರಿಕದ ವಿಸ್ಕಾನ್ಸಿನ್‌ ರಾಜ್ಯಕ್ಕೆ ಬಂದು ನೆಲೆಸಿದ ಮೇಲೆ. ಇಲ್ಲಿ ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಬ್ರಿಟಿಷರು 1833ರಲ್ಲಿ ನಮ್ಮ ತೊಲಕ್ಕೆ ಗೊತ್ತುಪಡಿಸಿದ ತೂಕ 180 ಗ್ರೇನ್. ನಾನು ಇಲ್ಲಿ ಕೊಂಡ ಮೊದಲ ರೈಫಲ್‌ನ ಗುಂಡೂ 180 ಗ್ರೇನ್. ಅಂದರೆ ಈಡಿಗೊಂದು ತೊಲ. .300 ವಿಂಚೆಸ್ಟರ್ ಮ್ಯಾಗ್ನಂ ಎಂಬ ಆ ತೋಟೆಯನ್ನು ಅಂಗಡಿಯವನು ಹೊಗಳಿದ ರೀತಿಗೆ ನಾನು ಮರುಳಾಗಿದ್ದೆ. ಜಿಂಕೆಯಿಂದ ಹಿಡಿದು ನಮ್ಮ ಕಡವೆಯನ್ನೂ ಮೀರಿಸುವ ಎಲ್ಕ್‌ವರೆಗೆ ಇದೊಂದೇ ಸಾಕು ಎಂದಿದ್ದ. ಸಾಕಾಯಿತು, ನನ್ನ ಭುಜಕ್ಕೆ.

ಎರಡನೆಯ ವರ್ಷದ ನವೆಂಬರ್. ಕಟಾವಾದ ಮುಸುಕಿನ ಜೋಳದ ಹೊಲದಂಚಿನಲ್ಲಿ ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ ಕುಳಿತಿದ್ದೆ. ನೂರು ಗಜದೊಳಗೆ ಒಂದು ಹೆಣ್ಣು ಜಿಂಕೆ ಬಂದು ಮಗ್ಗುಲು ತೋರಿಸಿ ನಿಂತಿತು. ಇದಕ್ಕಿಂತ ಸುಲಭದ ಈಡು ಯಾರಿಗೂ ಸಿಗುವುದಿಲ್ಲ. ಹೊಡೆದೆ. ಜಿಂಕೆ ಬೆನ್ನು ಬಾಗಿಸಿ ಕಾಡು ಹೊಕ್ಕಿತು. ಕೆಳಗಿಳಿದು ನೋಡಿದರೆ ಹಿಮದ ಮೇಲೆ ರಕ್ತ ಕಪ್ಪುಗಟ್ಟಿದ ಕೆಂಪು, ನಡುವೆ ಮೇವಿನ ಹಸಿರು ಚೂರು. ಶ್ವಾಸಕೋಶಕ್ಕೆ ತಗುಲಿದ್ದರೆ ರಕ್ತ ತಿಳಿಗೆಂಪಾಗಿ ನೊರೆಗಟ್ಟಿರುತ್ತದೆ. ಇದು ಹೊಟ್ಟೆಗೆ ಬಿದ್ದ ಗುಂಡು. ಪಕ್ಕದ ಜಮೀನಿನ ಮುದುಕರು ಟಾರ್ಚ್ ಹಿಡಿದು ಜೊತೆಗೆ ಬಂದರು. ರಾತ್ರಿ ಹತ್ತರವರೆಗೆ ಹುಡುಕಿದೆವು. ಜಿಂಕೆ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ತೋಳದ ಕುಲದ ಕಯೋಟಿಗಳು ಅರ್ಧ ತಿಂದು ಮುಗಿಸಿದ ಮೇಲೆ. ಮುದುಕರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಲವತ್ತು ವರ್ಷ ಹಸು ಕರೆದು ಈಗ ಕೊಟ್ಟಿಗೆ ಖಾಲಿ ಮಾಡಿಕೊಂಡಿರುವ ಅವರು ಮುಂದಿನ ವಾರ ನನ್ನನ್ನು ಕರೆಸಿಕೊಂಡರು. ತೋಟೆ ತುಂಬುವುದು ಅವರು, ಹೊಡೆಯುವುದು ನಾನು. ಮೊದಲೆರಡು ಈಡು ಗುರಿಹಲಗೆಯ ಅಂಚು ಹಿಡಿದವು. ಮೂರನೆಯ ಸಲ ಟ್ರಿಗರ್ ಎಳೆದಾಗ ಟಿಕ್ ಎಂದಿತು, ಅಷ್ಟೆ. ನನಗೆ ಹೇಳದೆ ಖಾಲಿ ರೈಫಲ್ ಕೊಟ್ಟಿದ್ದರು. ಆದರೆ ನಳಿಗೆಯ ತುದಿ ಕೊಕ್ಕರೆ ಮೀನಿಗೆ ಬಗ್ಗಿದ ಹಾಗೆ ನೆಲಕ್ಕೆ ಬಗ್ಗಿತ್ತು, ನನ್ನ ಎರಡು ಕಣ್ಣೂ ಮುಚ್ಚಿದ್ದವು. ಒದೆತ ಬರುವ ಮೊದಲೇ ಮೈ ಅದಕ್ಕೆ ಹೆದರಿ ಕುಗ್ಗುತ್ತಿತ್ತು. ಆ ಹೆಣ್ಣು ಜಿಂಕೆಯ ಹೊಟ್ಟೆಗೆ ಗುಂಡು ಹೋದದ್ದು ಹೀಗೆ. ಅವರು ಒಳಗೆ ಹೋಗಿ, ಹಿಡಿಯ ಬಣ್ಣ ಸವೆದ ತಮ್ಮ ಹಳೆಯ ರೈಫಲ್ ತಂದು ಕೈಗಿಟ್ಟರು. ಅದು .25-06 ರೆಮಿಂಗ್ಟನ್. ಗುಂಡಿನ ದಪ್ಪ ಕಾಲು ಇಂಚು, ಪೆನ್ಸಿಲ್‌ಗಿಂತ ಒಂದು ಎಳೆ ಸಣ್ಣ.

ನಿಜ ಹೇಳುತ್ತೇನೆ, ನನಗೆ ನಗು ಬಂತು. ಕಾರಣ ಊರಿನದು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಇದ್ದದ್ದು ಅಜ್ಜಯ್ಯನ ಜೋಡಿನಳಿಗೆಯ ತೋಟೆಕೋವಿ, ಹನ್ನೆರಡು ಬೋರಿನದು. ಅದರ ನಳಿಗೆಯ ಬಾಯಿ ಮುಕ್ಕಾಲು ಇಂಚಿಗೆ ಹತ್ತಿರ, ಹುಡುಗರ ಹೆಬ್ಬೆರಳು ಸಲೀಸಾಗಿ ಇಳಿಯುತ್ತಿತ್ತು. ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ನಮ್ಮದು ಬೆಳೆ ರಕ್ಷಣೆಯ ಲೈಸೆನ್ಸು. ಚುನಾವಣೆ ಘೋಷಣೆಯಾದರೆ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು, ಹಂದಿಗಳಿಗೆ ನೀತಿಸಂಹಿತೆ ಇಲ್ಲದ ಕಾರಣ ಗದ್ದೆ ಅಷ್ಟು ದಿನ ಅವುಗಳದ್ದು. ಅಜ್ಜಯ್ಯನ ಕಾಲದ ಶಿಕಾರಿಯ ಕಥೆಗಳೆಲ್ಲ ಸೋವಿನ ಕಥೆಗಳು: ಹತ್ತು ಹನ್ನೆರಡು ಜನ ಕೂಗುತ್ತ, ತಗಡು ಬಡಿಯುತ್ತ ಕಾಡು ಸೋಯುವುದು, ಕಂಡಿಯಲ್ಲಿ ಕೋವಿಯವರು ನಿಲ್ಲುವುದು, ಪ್ರಾಣಿ ಓಡುತ್ತಲೇ ಮೂವತ್ತು ನಲವತ್ತು ಗಜದಿಂದ ದಪ್ಪ ಚರೆಯ ಈಡು. ಓಡುವ ಪ್ರಾಣಿಗೆ, ಮರಗಳ ಸಂದಿಯಲ್ಲಿ, ಚರೆಯೇ ಸರಿ. ಆ ಕಾಡಿಗೆ ಆ ಕೋವಿ ಹೊಂದುತ್ತಿತ್ತು ಎಂಬುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೆ ಅದರ ಜೊತೆಗೆ ಒಂದು ನಂಬಿಕೆಯೂ ಮನೆಯಲ್ಲಿ ಬೆಳೆಯಿತು. ಒದೆಯದ ಕೋವಿ ಕೋವಿಯೇ ಅಲ್ಲ. ಭುಜ ಕಪ್ಪಾದರೆ ಗಂಡಸು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಕೋವಿ ಹಂದಿ ಓಡಿಸಲು ಗಾಳಿಗೆ ಹಾರಿಸುವುದಕ್ಕೆ ಮಾತ್ರ ಎಂದು ಮನೆಯಲ್ಲಿ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತೇನೆ.

ಆ ನಂಬಿಕೆಯನ್ನು ಹೊತ್ತುಕೊಂಡೇ ನಾನು ವಿಮಾನ ಹತ್ತಿದ್ದೆ. ಅಮೆರಿಕದಲ್ಲೂ ಅದಕ್ಕೆ ಕೊರತೆಯಿಲ್ಲ ಎಂದು ಆಮೇಲೆ ತಿಳಿಯಿತು. ಇಲ್ಲಿ ಅದನ್ನು ಮ್ಯಾಗ್ನಂ ಎಂಬ ಹೆಸರಿನಲ್ಲಿ ಮಾರುತ್ತಾರೆ.

ಕಾಲಿಂಚಿನ ತೋಟೆಗಳ ಚರಿತ್ರೆ ಇದಕ್ಕೆ ತಿರುವುಮುರುವು. ವಿಂಚೆಸ್ಟರ್ ಕಂಪನಿ 1895ರಲ್ಲೇ .25-35 ತಂದಿತ್ತು. 1915ರಲ್ಲಿ ಸ್ಯಾವೇಜ್ ಕಂಪನಿಗೆ ಚಾರ್ಲ್ಸ್ ನ್ಯೂಟನ್ ಒಂದು ಪುಟ್ಟ ತೋಟೆ ಮಾಡಿಕೊಟ್ಟ. ಅವನ ಮನಸ್ಸಿನಲ್ಲಿದ್ದದ್ದು 100 ಗ್ರೇನ್ ಗುಂಡು. ಕಂಪನಿ ಅದನ್ನು 87ಕ್ಕೆ ಇಳಿಸಿತು, ಏಕೆಂದರೆ ಹಗುರ ಮಾಡಿದರೆ ಸೆಕೆಂಡಿಗೆ 3,000 ಅಡಿ ವೇಗ ಎಂದು ಜಾಹೀರಾತು ಹಾಕಬಹುದಿತ್ತು. ಹೆಸರೇ .250-3000. 1934ರಲ್ಲಿ ಬಂದ .257 ರಾಬರ್ಟ್ಸ್, ಮೌಸರ್ ತೋಟೆಯ ಕತ್ತು ಹಿಸುಕಿ ಮಾಡಿದ್ದು. ಅದನ್ನು ಇಟ್ಟುಕೊಂಡವರು ಹಳೆಯ ಅಂಬಾಸಡರ್ ಕಾರು ಇಟ್ಟುಕೊಂಡವರಂತೆ, ಮಾರಲು ಒಪ್ಪುವುದಿಲ್ಲ. ನನ್ನ ಕೈಗೆ ಬಂದ .25-06 ಹುಟ್ಟಿದ್ದು ಸುಮಾರು 1920ರಲ್ಲಿ, ಕಾರ್ಖಾನೆಯಲ್ಲಲ್ಲ. ಸೈನ್ಯದ .30-06 ತೋಟೆಯ ಹಿತ್ತಾಳೆ ಚಿಪ್ಪು ಎಲ್ಲೆಲ್ಲೂ ಸಿಗುತ್ತಿತ್ತು. ಎ. ಒ. ನೀಡ್ನರ್ ಎಂಬ ಬಂದೂಕು ಕಮ್ಮಾರ ಅದರ ಕತ್ತನ್ನು ಕಾಲಿಂಚಿಗೆ ಕಿರಿದು ಮಾಡಿದ. ದೊಡ್ಡ ಹೊಟ್ಟೆ, ಸಣ್ಣ ಕತ್ತು. ಆದರೆ ಅಂದಿನ ಮದ್ದು ಅವಸರದ್ದು. ಗುಂಡು ನಳಿಗೆಯಲ್ಲಿ ಮುಂದೆ ಸರಿಯುವ ಮೊದಲೇ ಉರಿದು ಒತ್ತಡ ಏರಿಸಿಬಿಡುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದಾಗ, ಇಪ್ಪತ್ತು ಮಿಲಿಮೀಟರ್ ಫಿರಂಗಿಗಾಗಿ ಮಾಡಿದ್ದ ನಿಧಾನ ಉರಿಯುವ ಮದ್ದು ರಾಶಿರಾಶಿ ಉಳಿಯಿತು. ಬ್ರೂಸ್ ಹಾಜ್‌ಡನ್ ಅದನ್ನು ಕೊಂಡು ಅಗ್ಗಕ್ಕೆ ಮಾರಿದ. ಅದು ಈ ತೋಟೆಗೆ ಹೇಳಿ ಮಾಡಿಸಿದಂತಿತ್ತು. ಸೌದೆಯೊಲೆಯಲ್ಲಿ ಸೀದುಹೋಗುತ್ತಿದ್ದ ಪಾಯಸ ಕೆಂಡದ ಮೇಲೆ ಹದವಾದ ಹಾಗೆ. ಅಷ್ಟಾದರೂ ರೆಮಿಂಗ್ಟನ್ ಕಂಪನಿ ಇದನ್ನು ಪೆಟ್ಟಿಗೆಯಲ್ಲಿಟ್ಟು ಮಾರಲು ಶುರುಮಾಡಿದ್ದು 1969ರಲ್ಲಿ.

ಇನ್ನು ಅದು ಜಿಂಕೆಗೆ ಏಕೆ ಸಾಕು ಎಂಬ ಮಾತು. ನಾನು ಬಳಸುವ ಗುಂಡು 117 ಗ್ರೇನ್, ತೊಲದ ಮೂರರಲ್ಲಿ ಎರಡು ಪಾಲಿಗೂ ತುಸು ಕಡಿಮೆ. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 3,000 ಅಡಿ. ಇಲ್ಲಿಯ ಬಿಳಿಬಾಲದ ಜಿಂಕೆಯ ಮುಂಗಾಲಿನ ಹಿಂದೆ, ಎದೆಗೂಡಿನಲ್ಲಿ, ಹೃದಯ ಶ್ವಾಸಕೋಶ ಇರುವ ಜಾಗ ಹೆಚ್ಚೂಕಡಿಮೆ ಒಂದು ಗೇಣು. ಇಡೀ ಬೇಟೆ ಎಂದರೆ ಆ ಗೇಣಗಲದ ಜಾಗಕ್ಕೆ ಒಂದು ಗುಂಡನ್ನು ತಲುಪಿಸುವುದು, ಬೇರೇನೂ ಅಲ್ಲ. ಇನ್ನೂರು ಗಜಕ್ಕೆ ಗುರಿ ಹೊಂದಿಸಿಟ್ಟರೆ ಈ ಗುಂಡು ನೂರು ಗಜದಲ್ಲಿ ಎರಡು ಇಂಚಿಗಿಂತ ಹೆಚ್ಚು ಮೇಲೇರುವುದಿಲ್ಲ. ಮುನ್ನೂರು ಗಜದಲ್ಲಿ ಏಳು ಇಂಚಿನಷ್ಟು ಇಳಿದಿರುತ್ತದೆ, ಅದೂ ಗೇಣಿಗಿಂತ ಕಡಿಮೆ. ದೂರ ಅಳೆಯುವಲ್ಲಿ ಐವತ್ತು ಗಜ ತಪ್ಪಿದರೂ ಬಚಾವು. ಬೆಳಗಿನ ಅರೆಗತ್ತಲಿನಲ್ಲಿ, ಬಯಲಿನ ಆಚೆಗಿನ ಜಿಂಕೆ ಎಷ್ಟು ದೂರವೆಂದು ಸರಿಯಾಗಿ ಹೇಳುವವರು ಕಡಿಮೆ.

ಒಳಹೊಕ್ಕ ಮೇಲಿನ ಕೆಲಸ ಗುಂಡಿನ ರಚನೆಯದು. ತಾಮ್ರದ ಕವಚದೊಳಗೆ ಸೀಸ. ಮೈಗೆ ತಗುಲಿದ ಕೂಡಲೇ ಮೂತಿ ಹಿಂದಕ್ಕೆ ಮಡಚಿಕೊಂಡು ಅಣಬೆಯ ಕೊಡೆಯಂತೆ ಅರಳುತ್ತದೆ. ಕಾಲಿಂಚು ಹೋಗಿ ಅರ್ಧ ಇಂಚಿನ ಆಸುಪಾಸಿಗೆ ಬರುತ್ತದೆ. ಜಿಂಕೆಯ ಚರ್ಮ ತೆಳು, ಪಕ್ಕೆಲುಬು ಸಪೂರ. ಅದನ್ನು ದಾಟಲು ಒಂದು ತೊಲ ಬೇಕಿಲ್ಲ. ಜಿಂಕೆಗೆ ತಾಗುವಾಗ ಗುಂಡಿನಲ್ಲಿ ಸಾವಿರ ಅಡಿ-ಪೌಂಡ್ ಶಕ್ತಿ ಉಳಿದಿರಬೇಕು ಎಂಬುದು ಇಲ್ಲಿಯ ಹಳೆಯ ಬೇಟೆಗಾರರ ಅಂದಾಜು ಸೂತ್ರ. ಮುನ್ನೂರು ಗಜದಲ್ಲಿ ಇದಕ್ಕೆ ಸುಮಾರು 1,400 ಇರುತ್ತದೆ. ಎದೆಗೆ ಸರಿಯಾಗಿ ಬಿದ್ದರೆ ಜಿಂಕೆ ಐವತ್ತು ನೂರು ಗಜ ಓಡಿ ಬೀಳುತ್ತದೆ, ಕೆಲವೊಮ್ಮೆ ನಿಂತಲ್ಲೇ. ನನ್ನ ದೊಡ್ಡ ಮ್ಯಾಗ್ನಂನಿಂದ ಎದೆಗೆ ಬಿದ್ದವೂ ಅಷ್ಟೇ ಓಡಿದ್ದವು. ಸತ್ತದ್ದಕ್ಕಿಂತ ಹೆಚ್ಚು ಸಾಯುವುದು ಜಿಂಕೆಗೆ ಗೊತ್ತಿಲ್ಲ.

ಉಳಿದದ್ದೆಲ್ಲ ಭುಜದ ಮಾತು. ಒಂದೇ ತೂಕದ ರೈಫಲ್‌ಗಳಲ್ಲಿ ನನ್ನ ಮ್ಯಾಗ್ನಂ ಒದೆಯುವುದು .25-06ರ ಎರಡರಷ್ಟಕ್ಕೂ ಹೆಚ್ಚು. ಮುದುಕರ ರೈಫಲ್‌ನಿಂದ ಇಪ್ಪತ್ತು ಈಡು ಹೊಡೆದ ಸಂಜೆ ನಾನು ಮನೆಗೆ ಬಂದು ಎರಡೂ ಕೈಯಲ್ಲಿ ಚಪಾತಿ ಲಟ್ಟಿಸಿದೆ. ಮೂರನೆಯ ವಾರ ಅವರು ಮತ್ತೆ ಹೇಳದೆ ಖಾಲಿ ರೈಫಲ್ ಕೊಟ್ಟಾಗ ನಳಿಗೆ ಅಲುಗಲಿಲ್ಲ. ಹೆದರಿಕೆ ಹೋದ ಮೇಲೆ ಅಭ್ಯಾಸ ಬೇಸರವಾಗುವುದಿಲ್ಲ, ಅಭ್ಯಾಸವಾದಷ್ಟೂ ಗೇಣಗಲದ ಜಾಗ ದೊಡ್ಡದಾಗಿ ಕಾಣುತ್ತದೆ. ಗುಂಡಿನ ದಪ್ಪದ ಬಗ್ಗೆ ವಾದ ಮಾಡುವವರು ತೋಟೆಯ ಅಂಕಿಅಂಶವನ್ನೇ ಓದುತ್ತಾರೆ, ಹೊಡೆಯುವವನ ಕಣ್ಣು ಮುಚ್ಚಿತ್ತೋ ತೆರೆದಿತ್ತೋ ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ದೋಷಗಳೂ ಇವೆ. ಎಲ್ಕ್ ಹೊಡೆಯಲು ಇದು ನನ್ನ ಆಯ್ಕೆಯಲ್ಲ. ದಟ್ಟ ಪೊದೆಯಲ್ಲಿ, ಐವತ್ತು ಗಜದಲ್ಲಿ, ಇದರ ವೇಗದಿಂದ ಲಾಭವೇನೂ ಇಲ್ಲ. ಹೆಗಲಿನ ಮಾಂಸ ಕೆಡುವುದೊಂದೇ. ದೊಡ್ಡ ಹೊಟ್ಟೆಯ ಮದ್ದೆಲ್ಲ ಸಣ್ಣ ಕತ್ತಿನಲ್ಲಿ ಹಾಯುವುದರಿಂದ ನಳಿಗೆ ಬೇಗ ಸವೆಯುತ್ತದೆ. 2007ರಲ್ಲಿ ಬಂದ 6.5 ಕ್ರೀಡ್‌ಮೋರ್ ಎಂಬ ಹೊಸ ತೋಟೆ ಇನ್ನೂ ಉದ್ದನೆಯ, ಗಾಳಿಗೆ ಕಡಿಮೆ ವಾಲುವ ಗುಂಡುಗಳನ್ನು ಹಾರಿಸುತ್ತದೆ, ಒದೆತವೂ ಹಿತ. ಈಗ ಅಂಗಡಿಗಳ ಕಪಾಟು ತುಂಬಿರುವುದು ಅದೇ. ಹೊಸಬರಿಗೆ ನಾನೂ ಅದನ್ನೇ ಹೇಳಬೇಕೇನೋ. ಹೇಳುವುದಿಲ್ಲ. ಮೊಂಡುತನ ಎಂದುಕೊಳ್ಳಿ.

ಇಲ್ಲಿಯ ಬೇಟೆಯ ಪದ್ಧತಿಯೂ ಈ ಸಣ್ಣ ಗುಂಡಿಗೆ ಒಗ್ಗುವಂಥದ್ದು. ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಮುಖ್ಯ ಹಂಗಾಮು ಒಂಬತ್ತು ದಿನ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ. ಆ ದಿನಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಕಣ್ಣು ಕೋರೈಸುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡು ಸೇರುತ್ತಾರೆ, ಸೇರಿ ಸದ್ದಿಲ್ಲದೆ ಕೂರುತ್ತಾರೆ. ಕೂಗುವವರಿಲ್ಲ, ತಗಡಿಲ್ಲ. 1973ರಿಂದೀಚೆಗೆ ಹುಟ್ಟಿದವರು ಸುರಕ್ಷತೆಯ ತರಗತಿ ಮುಗಿಸಿರಬೇಕು. ನನಗೆ ಪಕ್ಕದಲ್ಲಿ ಕುಳಿತಿದ್ದವನು ಹನ್ನೆರಡರ ಹುಡುಗ, ಪರೀಕ್ಷೆಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದ. ಕೆಲಸದ ವೀಸಾದ ಮೇಲೆ ಬಂದವನು ಕೋವಿ ಇಟ್ಟುಕೊಳ್ಳುವುದಕ್ಕೆ ಇಲ್ಲಿ ಕೇಂದ್ರ ಕಾನೂನಿನ ನಿಷೇಧವಿದೆ, ಬೇಟೆಯ ಲೈಸೆನ್ಸು ಪಡೆದವನಿಗೆ ಅದರಿಂದ ವಿನಾಯಿತಿ. ಊರಿನಲ್ಲಿ ಕೋವಿ ಇದೆ, ಬೇಟೆ ಇಲ್ಲ. ಇಲ್ಲಿ ಬೇಟೆಯ ಚೀಟಿಯಿದ್ದರೆ ಕೋವಿ. ಜಿಂಕೆ ಬಿದ್ದರೆ ಮರುದಿನ ಸಂಜೆ ಐದರೊಳಗೆ ಲೆಕ್ಕ ಒಪ್ಪಿಸಬೇಕು. ನಾನು ಕೊಳ್ಳುವ ಪ್ರತಿ ತೋಟೆಯ ಮೇಲೂ 1937ರ ಕಾಯಿದೆಯ ಪ್ರಕಾರ ಶೇಕಡಾ 11 ಸುಂಕ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ.

ಇದನ್ನೆಲ್ಲ ಕೇಳಿದ ಕನ್ನಡ ಕೂಟದ ಗೆಳೆಯರೊಬ್ಬರು ಕಳೆದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಕೇಳಿದರು: ಹಾಗಾದರೆ ನಮ್ಮಲ್ಲೂ ಹೀಗೆ ಲೈಸೆನ್ಸು ಕೊಟ್ಟು ಜಿಂಕೆ ಬೇಟೆ ಬಿಡಬಹುದಲ್ಲ? ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ವಿಸ್ಕಾನ್ಸಿನ್‌ನ ದಕ್ಷಿಣದ ಹೊಲಗಳಲ್ಲಿ ಜಿಂಕೆಯನ್ನು ಹಿಡಿತದಲ್ಲಿಡುವ ದೊಡ್ಡ ಬೇಟೆಪ್ರಾಣಿ ಇಲ್ಲ. ತೋಳಗಳು ಇರುವುದು ಹೆಚ್ಚಾಗಿ ಉತ್ತರದ ಕಾಡಿನಲ್ಲಿ. ಜೋಳ, ಸೋಯಾ ತಿಂದು ಕೊಬ್ಬಿದ ಜಿಂಕೆ ರಾಜ್ಯದಲ್ಲಿ ಹದಿನೈದು ಲಕ್ಷಕ್ಕೂ ಮೇಲಿದೆ. ರಸ್ತೆಯಲ್ಲಿ ಕಾರಿಗೆ ಬಡಿದು ಸಾಯುತ್ತದೆ. ಮಿದುಳು ಸೊರಗಿಸುವ ಸಿಡಬ್ಲ್ಯುಡಿ ಎಂಬ ಕಾಯಿಲೆ 2002ರಿಂದ ಕಾಣಿಸಿಕೊಂಡು ಹಬ್ಬುತ್ತಿದೆ. ನಾಗರಹೊಳೆ, ಬಂಡೀಪುರದ ಜಿಂಕೆಗೆ ಹುಲಿ ಇದೆ, ಚಿರತೆ ಇದೆ, ಸೀಳುನಾಯಿ ಇದೆ. ಅವುಗಳ ತಟ್ಟೆಗೆ ನಾವು ಕೈ ಹಾಕುವುದು ಬೇಡ. ಗೆಳೆಯರು ಒಪ್ಪಿದರೋ, ಹೋಳಿಗೆಯ ಸರದಿ ಬಂದದ್ದಕ್ಕೆ ಸುಮ್ಮನಾದರೋ ಗೊತ್ತಿಲ್ಲ.

ಮ್ಯಾಗ್ನಂ ಮಾರಿಬಿಟ್ಟೆ. ಮುದುಕರ ರೈಫಲ್ ಅವರೇ ನನಗೆ ಬಿಟ್ಟುಕೊಟ್ಟರು, ಬದಲಿಗೆ ವರ್ಷಕ್ಕೊಂದು ಜಿಂಕೆಯ ಹಿಂಗಾಲು ಮತ್ತು ನನ್ನ ಹೆಂಡತಿ ಮಾಡುವ ಮಾವಿನಮಿಡಿ ಉಪ್ಪಿನಕಾಯಿ ಎಂಬ ಕರಾರು. ಕಳೆದ ನವೆಂಬರಿನಲ್ಲಿ 180 ಗಜದಿಂದ ಒಂದು ಎಳೆಯ ಗಂಡು ಜಿಂಕೆ ಬಿತ್ತು, ಒಂದೇ ಈಡು. ಚರ್ಮ ಸುಲಿಯುವಾಗ ಆಚೆ ಬದಿಯ ತೊಗಲಿನ ಕೆಳಗೆ ಗುಂಡು ಸಿಕ್ಕಿಕೊಂಡಿತ್ತು. ತೊಳೆದು, ಊರಿನಿಂದ ತಂದಿದ್ದ ಒಂದು ಕೆಂಪಡಿಕೆಯ ಪಕ್ಕದಲ್ಲಿಟ್ಟು ಚಿತ್ರ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ. ಅಜ್ಜಯ್ಯನ ಕೋವಿ ಈಗ ಇರುವುದು ಅವರ ಬಳಿ. ಅಡಿಕೆಯ ಮುಂದೆ ಗುಂಡು ಮೆಣಸಿನ ಕಾಳಿನ ಹಾಗೆ ಕಾಣುತ್ತಿತ್ತು. ದೂರ, ವೇಗ, ತೂಕ ಎಲ್ಲವನ್ನೂ ಬರೆದು ತೊಲದ ಲೆಕ್ಕವನ್ನೂ ಸೇರಿಸಿದ್ದೆ.

ಚಿಕ್ಕಪ್ಪನ ಉತ್ತರ ಅರ್ಧ ಗಂಟೆಯ ಮೇಲೆ ಬಂತು: "ಅಡಿಕೆ ಚೆನ್ನಾಗಿ ಒಣಗಿಲ್ಲ."