ಸ್ಟಿರಾಯ್ಡ್ ಶುರುಮಾಡುವ ಮುನ್ನ ಈ ಹುಳುವಿನ ಬಗ್ಗೆಯೂ ಕೇಳಿ

ಹೆಚ್ಚು ದಿನ ಸ್ಟಿರಾಯ್ಡ್ ಬೇಕಾದ ರೋಗಿಗೆ ಸಕ್ಕರೆ ನೋಡುತ್ತಾರೆ, ಬಿಪಿ ನೋಡುತ್ತಾರೆ, ಕ್ಷಯ ಇತ್ತೇ ಎಂದು ವಿಚಾರಿಸುತ್ತಾರೆ. ಸ್ಟ್ರಾಂಜಿಲಾಯ್ಡಿಸ್ ಹುಳುವಿನ ಬಗ್ಗೆ ಕೇಳುವವರು ಕಡಿಮೆ. ನನ್ನನ್ನು ಕೇಳಿದರೆ, ಆ ಪಟ್ಟಿಯಲ್ಲಿ ಇದೂ ಇರಲೇಬೇಕು.

ಮಲ ಸೇರಿದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದವರ ಚರ್ಮ ಕೊರೆದು ಇದರ ಮರಿ ಒಳಗೆ ಬರುತ್ತದೆ. ರಕ್ತದ ಮೂಲಕ ಶ್ವಾಸಕೋಶ, ಅಲ್ಲಿಂದ ಗಂಟಲು, ನುಂಗಿದಾಗ ಸಣ್ಣಕರುಳು. ಅಲ್ಲಿ ಸುಮಾರು 2 ಮಿಲಿಮೀಟರ್ ಉದ್ದದ ಹೆಣ್ಣುಹುಳು ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತದೆ. ಕೊಕ್ಕೆಹುಳುವಿನ ಮರಿಯಾದರೆ ಹೊರಗಿನ ಮಣ್ಣಿನಲ್ಲೇ ಬಲಿಯಬೇಕು. ಇದರ ಕೆಲವು ಮರಿಗಳು ಕರುಳಿನಲ್ಲೇ ಬಲಿತು, ಕರುಳಗೋಡೆಯನ್ನೋ ಗುದದ ಸುತ್ತಲಿನ ಚರ್ಮವನ್ನೋ ತೂರಿ ಮತ್ತೆ ಅದೇ ದಾರಿ ಹಿಡಿಯುತ್ತವೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರೈಲುಮಾರ್ಗದಲ್ಲಿ ದುಡಿದ ಕೈದಿಗಳ ಮೈಯಲ್ಲಿ ದಶಕಗಳ ಮೇಲೂ ಇದು ಸಿಕ್ಕಿದೆ. ಆದ್ದರಿಂದ 'ಈಗ ಹಳ್ಳಿಯಲ್ಲಿಲ್ಲ' ಎನ್ನುವ ಉತ್ತರ ಸಾಲದು, ಬಾಲ್ಯದ ಮಣ್ಣನ್ನೂ ವಿಚಾರಿಸಬೇಕು.

ರೋಗನಿರೋಧಕ ಶಕ್ತಿ ಗಟ್ಟಿ ಇರುವವರೆಗೆ ಅಲ್ಲೊಂದಿಷ್ಟು ತುರಿಕೆ, ಹೊಟ್ಟೆಯಲ್ಲಿ ಉರಿ, ಅಷ್ಟೇ. ಸ್ಟಿರಾಯ್ಡ್, ಅಂಗಾಂಗ ಕಸಿ, ರಕ್ತದ ಕ್ಯಾನ್ಸರ್, ಎಚ್‌ಟಿಎಲ್‌ವಿ-1 (ಬಿಳಿರಕ್ತಕಣಗಳಿಗೆ ತಗಲುವ ಒಂದು ವೈರಸ್) ಸೋಂಕು, ಇವುಗಳಲ್ಲಿ ಯಾವುದು ಬಂದರೂ ಲೆಕ್ಕ ತಪ್ಪುತ್ತದೆ. ಮರಿಗಳು ಸಾವಿರಗಟ್ಟಲೆ ಹೆಚ್ಚಿ ಶ್ವಾಸಕೋಶಕ್ಕೆ ನುಗ್ಗುತ್ತವೆ. ದಮ್ಮು, ಕೆಮ್ಮು ಕಂಡು ಆಸ್ತಮಾ ಎಂದು ಸ್ಟಿರಾಯ್ಡ್ ಇನ್ನಷ್ಟು ಏರಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ. ಕರುಳು ತೂರುವಾಗ ಅಲ್ಲಿನ ಬ್ಯಾಕ್ಟೀರಿಯಾಗಳೂ ಜೊತೆಗೆ ರಕ್ತಕ್ಕೆ ಇಳಿಯುತ್ತವೆ. ಕಾರಣ ತಿಳಿಯದೆ ಮತ್ತೆ ಮತ್ತೆ ಇ. ಕೋಲೈ, ಕ್ಲೆಬ್ಸಿಯೆಲ್ಲಾ ರಕ್ತಸೋಂಕೋ ಮಿದುಳುಪೊರೆಯ ಉರಿಯೂತವೋ ಕಾಣಿಸಿದರೆ, ಹೊಕ್ಕುಳ ಸುತ್ತ ನೇರಳೆ ಕಲೆ ಎದ್ದರೆ, ಈ ಹುಳು ನೆನಪಾಗಬೇಕು. ಈ ಹಂತದಲ್ಲಿ ಚಿಕಿತ್ಸೆ ತಪ್ಪಿದರೆ ಬದುಕುವವರು ವಿರಳ.

ಪರೀಕ್ಷೆಗಳೂ ದಾರಿ ತಪ್ಪಿಸುತ್ತವೆ. ಒಂದೇ ಮಲಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಎಂದು ನೆಮ್ಮದಿಪಡುವಂತಿಲ್ಲ, ಏಕೆಂದರೆ ಹಳೆಯ ಸೋಂಕಿನಲ್ಲಿ ಮರಿಗಳು ಬಲು ವಿರಳ. ಬೇರೆ ಬೇರೆ ದಿನದ ಮಾದರಿ ಬೇಕು, ಅಗಾರ್ ಪ್ಲೇಟ್ ಕಲ್ಚರ್ (ಅಗಾರ್ ತಟ್ಟೆಯಲ್ಲಿ ಮಲವಿಟ್ಟು ಮರಿಗಳು ಹರಿದಾಡಿದ ಗುರುತು ನೋಡುವ ಪರೀಕ್ಷೆ) ಆದರೆ ಒಳ್ಳೆಯದು, ಜೊತೆಗೆ ರಕ್ತದ ಪ್ರತಿಕಾಯ ಪರೀಕ್ಷೆ. ಪ್ರತಿರೋಧ ಕುಗ್ಗಿದವರಲ್ಲಿ ಅದೂ ಸುಳ್ಳು ನೆಗೆಟಿವ್ ಬರಬಹುದು. ಹುಳುವಿದ್ದಾಗ ಹೆಚ್ಚುವ ಬಿಳಿರಕ್ತಕಣ ಇಯೊಸಿನೊಫಿಲ್ ಏರಿಲ್ಲ ಎಂಬ ಸಮಾಧಾನವೂ ಬೇಡ. ಸ್ಟಿರಾಯ್ಡ್ ಅದನ್ನು ತಗ್ಗಿಸಿಬಿಡುತ್ತದೆ. ಸೋಂಕು ಉಲ್ಬಣಿಸಿದಾಗ ಮಾತ್ರ ಕಫದಲ್ಲೇ ಮರಿಗಳು ಓಡಾಡುವುದು ಕಾಣುತ್ತದೆ.

ಔಷಧ ಐವರ್‌ಮೆಕ್ಟಿನ್, ತೂಕದ ಕಿಲೋಗೆ 200 ಮೈಕ್ರೊಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 12 ಮಿಲಿಗ್ರಾಂ. ಸಾಮಾನ್ಯ ಸೋಂಕಿಗೆ ಒಂದೆರಡು ದಿನ. ಉಲ್ಬಣಿಸಿದ್ದರೆ ದಿನವೂ, ಮಲ ಮತ್ತು ಕಫ ಎರಡು ವಾರ ಸತತ ಶುದ್ಧವಾಗುವವರೆಗೆ; ಜೊತೆಗೆ ಸ್ಟಿರಾಯ್ಡನ್ನು ಸಾಧ್ಯವಾದಷ್ಟು ಇಳಿಸಬೇಕು. ಜಂತುಹುಳುವಿಗೆಂದು ನುಂಗುವ ಒಂದೇ ಆಲ್ಬೆಂಡಜೋಲ್ ಮಾತ್ರೆ ಇದಕ್ಕೆ ಸಾಲದು.

ದಿನಕ್ಕೆ 20 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಎರಡು ವಾರ ದಾಟುವಂತಿದ್ದು, ಮಣ್ಣಿನ ನಂಟಿನ ಹಿನ್ನೆಲೆಯಿದ್ದರೆ, ಪರೀಕ್ಷೆಯ ಸೌಲಭ್ಯವಿಲ್ಲದ ಕಡೆ ವೈದ್ಯರು ಮೊದಲೇ ಐವರ್‌ಮೆಕ್ಟಿನ್ ಕೊಟ್ಟುಬಿಡುವುದೇ ಜಾಣತನ ಅನ್ನುತ್ತೇನೆ. ಜೀವ ಉಳಿಸಲು ಸ್ಟಿರಾಯ್ಡ್ ತುರ್ತಾಗಿ ಬೇಕಿದ್ದರೆ ಪರೀಕ್ಷೆಗೆ ಕಾಯಬೇಡಿ, ಎರಡನ್ನೂ ಒಟ್ಟಿಗೆ ಶುರುಮಾಡಬಹುದು. ಮಧ್ಯ ಆಫ್ರಿಕಾದಲ್ಲಿ ಇದ್ದು ಬಂದವರಿಗೆ ಮಾತ್ರ ಮೊದಲು ರಕ್ತದಲ್ಲಿ ಲೋವಾ ಲೋವಾ ಹುಳುವಿನ ಮರಿಗಳಿವೆಯೇ ನೋಡಬೇಕು. ಅವು ವಿಪರೀತ ಇದ್ದರೆ ಐವರ್‌ಮೆಕ್ಟಿನ್‌ನಿಂದಲೇ ಮಿದುಳಿಗೆ ಕುತ್ತು.